ದೀಪಾಳ ದನಿ

೧೮ ಜೂನ್ ೨೦೦೭, ಸೋಮವಾರ. ಲೋಕಲ್‌ನಲ್ಲಿ

ಕೂರಲು ಜಾಗ ಸಿಕ್ಕಿತು. ಲೋಣಾವಳಾದಿಂದ ತುಂಬಿಕೊಂಡು ಬರುವ ಗಾಡಿಯಲ್ಲಿ ದೇಹೂ ರೋಡ್‌ನವರಿಗೆ ಜಾಗ ಸಿಗುವುದೇ ಒಂದು ಹಬ್ಬ. ಪಕ್ಕದವಳ ಕೊಡೆಯ ನೀರೆಲ್ಲ ನನ್ನ ಸೀರೆಗೆ... ಇರಲಿ.

ಇವರು ಬೆಳಗಿನ ಬಸ್ಸಿಗೆ ಪುಣೆಯಾಚೆಯ ಶಿರೂರಿಗೆ ಹೋದರು. ಇನ್ನು ಶನಿವಾರವೇ. ಇವರ ಅಕ್ಕ ಶಿವಗಂಗವ್ವನ ಗಂಡನ ಜೊತೆ ಅಲ್ಲಿ ಧಾನ್ಯದ ಅಡತಿ ಅಂಗಡಿ ಹಾಕಿದಾಗಿನಿಂದ ಹೀಗೇ. ವಾರವೆಲ್ಲ ಮನೆಯಲ್ಲಿ ನಾವು ಮೂವರು ಹೆಂಗಸರು — ಅತ್ತೆ, ನಾನು, ಮಗಳು ದೀಪಾಲಿ, ನಮ್ಮ ದೀಪಾ.

ದೀಪಾಲಿಗೆ ಇಂದಿನಿಂದ ಹತ್ತನೇ ಕ್ಲಾಸು. ರಿಬ್ಬನ್ ಕಟ್ಟಿಸಿಕೊಳ್ಳುತ್ತಲೇ ಹೊಸ ಗಣಿತದ ಟೀಚರಿನ ದನಿ ತೆಗೆದಳು. ಇನ್ನೂ ನೋಡಿಯೇ ಇಲ್ಲ ಆ ಟೀಚರನ್ನು! "ಹಿಂಗ ಇರ್ತಾಳ ನೋಡು ಮಮ್ಮಿ, ನಾ ಹೇಳ್ತೀನಿ." ಇವಳ ಗಂಟಲಲ್ಲಿ ಎಷ್ಟು ಜನ ಇದ್ದಾರೋ. ಟಿಕೆಟ್ ಚೆಕ್ ಮಾಡುವವನು, ಹಾಲಿನವನು, ನನ್ನ ಆಫೀಸಿನ ಮ್ಯಾನೇಜರ್ — ಎಲ್ಲರೂ.

ಶನಿವಾರ ಬ್ರಾಡ್‌ಬ್ಯಾಂಡ್ ಬಂತು. ಕಂಪ್ಯೂಟರ್ ಹಾಲ್‌ನಲ್ಲೇ ಇಡಿಸಿದೆ, ಫೋನಿನ ಪಕ್ಕ. ಮಕ್ಕಳ ಮೇಲೆ ಕಣ್ಣಿರಬೇಕು, ಕೋಣೆಯೊಳಗೆ ಇಡಬೇಡಿ ಅಂತ ಪೇಪರಿನಲ್ಲಿ ಓದಿದ್ದೆ. ಅತ್ತೆ ಹಗಲೆಲ್ಲ ಅಲ್ಲೇ ಕೂರುತ್ತಾರೆ. ಅದಕ್ಕಿಂತ ಒಳ್ಳೆಯ ಕಾವಲು ಯಾವುದು?

ಪಿಂಪ್ರಿ ಬಂತು.

೧ ಜುಲೈ, ಭಾನುವಾರ

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕುಳಿತೆವು. ಬರೆದಿಡಬೇಕು ಅನ್ನಿಸಿತು.

ಚಿತ್ರಾ ಬಂದಿದ್ದಳು. ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ತನಿಯಪ್ಪನವರ ಮಗಳು, ದೀಪಾಳ ಕ್ಲಾಸು. ಕ್ಯಾಮೆರಾ ಇರುವ ಹೊಸ ಮೊಬೈಲ್ ತಂದಿದ್ದಳು. ಅಷ್ಟರಲ್ಲಿ ಮುಧೋಳದಿಂದ ಮಾನಮ್ಮ ಚಿಕ್ಕಮ್ಮನ ಫೋನು. ಅತ್ತೆಯ ತಂಗಿ. ಪ್ರತಿ ಭಾನುವಾರ ಮಾಡುತ್ತಾರೆ. ಅತ್ತೆ ರಿಸೀವರ್ ಎತ್ತಿ ಯಾವಾಗಿನ ಹಾಗೆ, ಮರಾಠಿಯಲ್ಲಿ ಯಾರು ಅಂತ ಕೇಳುತ್ತಲೇ ಶುರುಮಾಡಿದರು — "ಹಲೋ, ಕೋಣ್? ನಾ ಭೀಮವ್ವ ಮಾತಾಡಾಕತ್ತೀನಿ. ದೇಹೂ ರೋಡ್, ಗುರುಕೃಪಾ ಬಿಲ್ಡಿಂಗ, ಎರಡನೇ ಮಜಲಾ..." ಆಮೇಲೆ ನಂಬರು, ಒಂದೊಂದೇ ಅಂಕಿ, ಸಾಲಿ ಹುಡುಗರು ಮಗ್ಗಿ ಒಪ್ಪಿಸಿದಂತೆ. ಫೋನು ಬಂದ ವರ್ಷ ಇವರು ಕಲಿಸಿದ್ದು, ರಾಂಗ್ ನಂಬರ್ ಆಗದಿರಲಿ ಅಂತ. ಇಂದಿಗೂ ಬಿಟ್ಟಿಲ್ಲ. ಎದುರಿಗೆ ಸ್ವಂತ ತಂಗಿ ಇದ್ದರೂ ಪೂರ್ತಿ ಹೇಳಿಯೇ ಮುಂದಿನ ಮಾತು.

ಅತ್ತೆ ಒಳಗೆ ಹೋದ ಮೇಲೆ ದೀಪಾ ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು ಫೋನಿನ ಮುಂದೆ ಕುಳಿತಳು. ಅದೇ ಕೆಮ್ಮು, ಅದೇ ಮರಾಠಿ-ಕನ್ನಡ, ಅದೇ ಎಳೆತ. ನಡುವೆ ಚಹಾ ಸೋಸುತ್ತಿದ್ದ ನನ್ನನ್ನು ಬೈದದ್ದೂ ಸೇರಿತು. ಚಿತ್ರಾ ನಗುತ್ತಲೇ ಮೊಬೈಲಿನಲ್ಲಿ ತೆಗೆದಳು. ನಾನು ಬಾಗಿಲಲ್ಲಿ ನಿಂತು ಕಣ್ಣೀರು ಬರುವಷ್ಟು ನಕ್ಕೆ.

೬ ಜುಲೈ, ಶುಕ್ರವಾರ

ಆ ವಿಡಿಯೋವನ್ನು ಹುಡುಗಿಯರು ಇಂಟರ್ನೆಟ್ಟಿಗೆ ಹಾಕಿದ್ದಾರೆ, ದೀಪಾಲಿಯ ಹೆಸರಿನಲ್ಲೇ. ವಿಡಿಯೋ ಹಾಕುವ ಸೈಟಂತೆ, ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ನೋಡಬಹುದು. ಮೊದಲು ನನ್ನನ್ನು ಕೇಳಿದಳು. ಹೂಂ ಅಂದೆ. ಬೇಡ ಅನ್ನಲು ಏನಿತ್ತು ಅದರಲ್ಲಿ?

ಊಟದ ಹೊತ್ತಿನಲ್ಲಿ ಆಫೀಸಿನ ದಿಗಂಬರ ತಮ್ಮ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ನಮ್ಮ ಸೆಕ್ಷನ್ನಿನ ಕಂಪ್ಯೂಟರ್ ಆಪರೇಟರ್ ಅವರು. ಎಲ್ಲರೂ ಸುತ್ತ ನೆರೆದರು. ಕನ್ನಡ ಬಾರದವರೂ ನಕ್ಕರು. "ಶೈಲಾತಾಯಿ, ಮುಲಗೀ ಸ್ಟಾರ್ ಆಹೇ!" ಅಂದರು ದಿಗಂಬರ, ನಿಮ್ಮ ಮಗಳು ಸ್ಟಾರ್ ಅಂತ. ಕೆಳಗೆ ಊರೂರಿನವರು ಬರೆದಿದ್ದರು — ನಮ್ಮ ಅಜ್ಜಿಯೂ ಹೀಗೇ, ಧಾರವಾಡದಿಂದ. ಸೋ ಕ್ಯೂಟ್, ದುಬೈಯಿಂದ. ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ.

೨೨ ಜುಲೈ, ಭಾನುವಾರ

ಈಗ ಭಾನುವಾರಕ್ಕೊಂದು ವಿಡಿಯೋ. ಲೋಕಲ್‌ನ ಮೀನಿನವಳು. ಯೂನಿಫಾರ್ಮಿನಲ್ಲೇ ನಿಂತು ಗಣಿತದ ಟೀಚರ್ (ಈಗ ನಿಜವಾಗಿ ನೋಡಿದ್ದಾಳೆ). ಆದರೂ ಎಲ್ಲರಿಗೂ ಬೇಕಾದದ್ದು ಅಜ್ಜಿಯೇ. ಸಾಲಿಯಿಂದ ಬಂದವಳೇ ಚೀಲ ಎಸೆದು ಮೊದಲು ಯಾರು ಏನು ಬರೆದಿದ್ದಾರೆ ನೋಡುವುದು. ಒಬ್ಬ ಕೆಟ್ಟದಾಗಿ ಬರೆದರೆ ಊಟ ಸೇರುವುದಿಲ್ಲ. ಇನ್ನೊಬ್ಬ ಹೊಗಳಿದರೆ ಎರಡು ರೊಟ್ಟಿ ಹೆಚ್ಚು.

ಒಬ್ಬ ಇದ್ದಾನೆ, ವೆಲ್‌ವಿಶರ್ ಅಂತ ಹೆಸರಿಟ್ಟುಕೊಂಡವನು. ಎಲ್ಲದರ ಕೆಳಗೂ ಬರೆಯುತ್ತಾನೆ. ಬೇಟಾ, ನಿನ್ನ ಗಂಟಲಲ್ಲಿ ದೇವರಿದ್ದಾನೆ, ಹೀಗೆ.

"ಯಾರs ಇಂವ?"

"ಫ್ಯಾನ್ ಮಮ್ಮಿ. ಎಷ್ಟ ಛಲೋ ಬರೀತಾನ ನೋಡು. ಬೇಟಾ ಅಂತಾನ."

"ನೀ ತಿರುಗಿ ಬರದೀಯೇನು?"

"ಥ್ಯಾಂಕ್ಯೂ ಅಂದೀನಿ ಅಷ್ಟ. ಅನ್ನಬಾರದೇನು?"

ಥ್ಯಾಂಕ್ಯೂ ಅನ್ನುವುದನ್ನು ಕಲಿಸಿದವಳು ನಾನೇ. 

೧೭ ಆಗಸ್ಟ್, ಶುಕ್ರವಾರ

ನಾಳೆ ಪಂಚಮಿ. ರಜೆ ಹಾಕಿ ಉಂಡಿ ಕಟ್ಟಿದೆ. ಶೇಂಗಾ, ಎಳ್ಳು, ರವೆ.

ಅತ್ತೆ ಬೆಲ್ಲ ಕುಟ್ಟುತ್ತ ಹೇಳಿದರು: "ನಿನ್ನೆ ಯಾರೋ ಫೋನ್ ಮಾಡಿದ್ರವಾ. ದೀಪಾ ಅದಾಳೇನ್ರಿ ಅಂದ್ರು. ಸಾಲೀಗ್ ಹೋಗ್ಯಾಳ ಅಂದೆ. ಎಷ್ಟೊತ್ತಿಗ್ ಬರ್ತಾಳ ಅಂದ್ರು. ಹೇಳ್ದೆ."

"ಯಾರಂತ ಕೇಳಲಿಲ್ಲೇನ್ರಿ ಅತ್ತಿ?"

"ಗಂಡಸಿನ ದನಿ. ಸಾಲಿ ಮಾಸ್ತರ ಇರಬೇಕ್ ತಗೋ."

ಇರಬಹುದು.

೨೧ ಆಗಸ್ಟ್, ಮಂಗಳವಾರ

ಮಾಸ್ತರಲ್ಲ.

ನಿನ್ನೆ ಸಂಜೆ ನಾನೇ ಎತ್ತಿದೆ. ಹಿಂದಿನಿಂದ ಹುಡುಗರ ನಗು. ಒಬ್ಬ ಗಂಟಲು ಕೆಮ್ಮಿ, ಹೆಣ್ಣು ದನಿ ಮಾಡಿ, "ಹಲೋ ಕೋಣ್? ನಾ ಭೀಮವ್ವ..." ಅಂದ. ಇಟ್ಟುಬಿಟ್ಟೆ. ಮತ್ತೆ ಬಂತು. ಇಟ್ಟೆ. ಮತ್ತೆ. ಈ ಸಲ ಬೇರೆ ಯಾರೋ, ನಗಲಿಲ್ಲ. ಮೆಲ್ಲಗೆ ಹಿಂದಿಯಲ್ಲಿ ದೀಪಾಲಿಯನ್ನು ಕೊಡಿ ಅಂದ.

ನಂಬರು ಹೇಗೆ ಸಿಕ್ಕಿತು? ಚಿತ್ರಾ ಕೊಟ್ಟಳೇ, ಸಾಲಿಯ ಹುಡುಗರೇ... ಅಡಿಗೆಮನೆಯಲ್ಲಿ ನಿಂತು ಯೋಚಿಸುತ್ತಿದ್ದೆ. ಹಾಲ್‌ನಲ್ಲಿ ಫೋನು ಮತ್ತೆ ಹೊಡೆದುಕೊಂಡಿತು, ಅತ್ತೆ ಎತ್ತಿದರು. "ನಾ ಭೀಮವ್ವ ಮಾತಾಡಾಕತ್ತೀನಿ, ದೇಹೂ ರೋಡ್, ಗುರುಕೃಪಾ ಬಿಲ್ಡಿಂಗ..."

ಕೈಯಲ್ಲಿದ್ದ ಸೌಟು ಹಾಗೇ ಉಳಿಯಿತು.

ಓಡಿ ಹೋಗಿ ಕಂಪ್ಯೂಟರ್ ಹಚ್ಚಿಸಿದೆ. ದೀಪಾ ವಿಡಿಯೋ ತೆಗೆದಳು. ಇದೆ. ಎಲ್ಲ ಇದೆ. ಊರು, ಬಿಲ್ಡಿಂಗು, ಮಜಲು, ನಂಬರು — ಒಂದಂಕಿಯೂ ತಪ್ಪಿಲ್ಲ. ಎಷ್ಟು ಸಲ ನೋಡಿದ್ದೆ ಇದನ್ನು! ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ನಮಗೆ ಅದು ಅಜ್ಜಿಯ ಮಾತಾಗಿತ್ತು, ವಿಳಾಸ ಆಗಿರಲೇ ಇಲ್ಲ. ಕೆಳಗೆ ಯಾರೋ ಪುಣ್ಯಾತ್ಮ ಕನ್ನಡ ಬಾರದವರಿಗೆಂದು ನಂಬರನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದಿದ್ದಾನೆ.

ದೀಪಾ ಮೌಸಿನಿಂದ ಕೈ ತೆಗೆದಳು. "ನನಗ ಹೊಳೀಲೇ ಇಲ್ಲ ಮಮ್ಮಿ."

"ನನಗೂ ಹೊಳೀಲಿಲ್ಲವಾ."

ಎಲ್ಲ ವಿಡಿಯೋ ಅಳಿಸಿದಳು. ನಾನು ಪಕ್ಕದಲ್ಲೇ ಕುಳಿತು ನೋಡಿದೆ. ಮುಗಿಯಿತು.

೨೫ ಆಗಸ್ಟ್, ಶನಿವಾರ

ಮುಗಿದಿಲ್ಲ.

ಚಿತ್ರಾ ಓಡಿ ಬಂದಳು. ಅದೇ ವಿಡಿಯೋ, ಬೇರೆ ಯಾರೋ ಹಾಕಿದ್ದಾರೆ. ಅಳಿಸುವ ಮೊದಲೇ ಇಳಿಸಿಕೊಂಡಿದ್ದಾರಂತೆ. ಹಿಂದೆ ಒಂದು ಹಾಡು ಸೇರಿಸಿದ್ದಾರೆ. ಮೇಲೆ ಹೊಸ ಹೆಸರು. ನನ್ನ ಮಗಳ ಹೆಸರಿನ ಪಕ್ಕ ಅವರು ಬರೆದ ಶಬ್ದವನ್ನು ಇಲ್ಲಿ ಬರೆಯಲಾರೆ. ಹದಿನೈದು ವರ್ಷದ ಹುಡುಗಿ, ತಲೆಗೆ ಟವೆಲ್ ಹೊದ್ದು ಕೂತಿದ್ದಾಳೆ, ಅಷ್ಟೇ. ಅದಕ್ಕೆ ಆ ಶಬ್ದ.

ನಂಬರು ಹಾಗೇ ಇದೆ.

ಇವರು ಶಿರೂರಿನಿಂದ ಬಂದ ಮೇಲೆ ಹೇಳಿದೆ. ಚಪ್ಪಲಿ ಕೂಡ ಬಿಚ್ಚದೆ ಕುಳಿತರು. "ಯಾಂವ ಹಾಕ್ಯಾನ? ಹೆಸರೇನು ಅವಂದು?" ಹೆಸರಿಲ್ಲ, ಒಂದಿಷ್ಟು ಅಕ್ಷರ, ಅಂಕಿ. "ಹೆಸರಿಲ್ಲದವನ ಹೆಂಗ ಹಿಡ್ಯೂದು ಶೈಲಾ?" ಅಂದರು. ನನ್ನನ್ನೇ ಕೇಳುತ್ತಿದ್ದಾರೆ.

೩ ಸೆಪ್ಟೆಂಬರ್, ಸೋಮವಾರ. ಆಫೀಸಿನಲ್ಲಿ

ದಿಗಂಬರ ಸೈಟಿನವರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದುಕೊಟ್ಟರು. ಹುಡುಗಿ ಚಿಕ್ಕವಳು, ಮನೆಯ ನಂಬರಿದೆ, ದಯವಿಟ್ಟು ತೆಗೆಯಿರಿ. ಕಳಿಸಿದ ತಕ್ಷಣ ಉತ್ತರ ಬಂತು! ಕುಣಿದಾಡುವಂತಾಯಿತು. ಓದಿದರೆ — ನಿಮ್ಮ ಪತ್ರ ತಲುಪಿದೆ, ಧನ್ಯವಾದ, ಇದು ತಾನಾಗಿಯೇ ಹೋಗುವ ಉತ್ತರ, ಇದಕ್ಕೆ ಮರು ಬರೆಯಬೇಡಿ.

ಮತ್ತೆ ಬರೆದೆವು. ಅದೇ ಧನ್ಯವಾದ.

ವಿಡಿಯೋದ ಕೆಳಗೆ ಬಾವುಟದ ಗುರುತಿದೆ, ಒತ್ತಿದರೆ ದೂರು ಹೋಗುತ್ತದೆ. ನಾನು ಒತ್ತಿದೆ, ದಿಗಂಬರ ಒತ್ತಿದರು, ಇಡೀ ಸೆಕ್ಷನ್ ಒತ್ತಿತು. ಒತ್ತಬೇಕೆಂದರೆ ತೆರೆಯಬೇಕು, ತೆರೆದರೆ ನೋಡಿದವರ ಲೆಕ್ಕ ಏರುತ್ತದೆ. ಇದೆಯೋ ಹೋಯಿತೋ ಅಂತ ದಿನವೂ ನೋಡುತ್ತೇನೆ. ಲೆಕ್ಕ ಏರುತ್ತದೆ. ಆ ಏರುವುದರಲ್ಲಿ ನಾನೂ ಇದ್ದೇನೆ.

೧೦ ಸೆಪ್ಟೆಂಬರ್, ಸೋಮವಾರ

ಇವರು ಅಂಗಡಿಗೆ ಹೋಗದೆ ಉಳಿದರು. ಇಬ್ಬರೂ ಪೊಲೀಸ್ ಚೌಕಿಗೆ ಹೋದೆವು. ದೀಪಾಳನ್ನು ಕರೆದೊಯ್ಯಲಿಲ್ಲ.

ಹವಾಲ್ದಾರ ಒಳ್ಳೆಯವನೇ. ಕುರ್ಚಿ ಕೊಟ್ಟ, ಎಲ್ಲ ಕೇಳಿದ. ಆಮೇಲೆ ಮರಾಠಿಯಲ್ಲಿ, "ಮೊದಲು ಹಾಕಿದವರು ಯಾರು?"

"ಮಗಳು" ಅಂದರು ಇವರು.

"ಯಾರೂ ಬಲವಂತ ಮಾಡಿರಲಿಲ್ಲ?"

"ಇಲ್ಲ."

"ನಂಬರ್ ಹೇಳಿದ್ದೂ ಅವಳೇ?"

"ಅಜ್ಜಿಯ ಅಣಕ ಮಾಡುವಾಗ..."

ಪೆನ್ನು ಕೆಳಗಿಟ್ಟ. ಇದಕ್ಕೆಲ್ಲ ಪುಣೆಯಲ್ಲಿ ಸೈಬರ್ ಸೆಲ್ ಇದೆ, ಅಲ್ಲಿಗೆ ಹೋಗಿ. ನಿಮಗೊಂದು ಮಾತು ಹೇಳಲೇ ಭಾವೂ, ಫೋನ್ ನಂಬರ್ ಬದಲಿಸಿ, ಹುಡುಗಿಯನ್ನು ಸ್ವಲ್ಪ ಹಿಡಿತದಲ್ಲಿಡಿ. ನನಗೂ ಮಗಳಿದ್ದಾಳೆ.

ಪುಣೆಗೂ ಹೋದೆವು. ಅರ್ಜಿ ತೆಗೆದುಕೊಂಡರು. ಕಂಪನಿ ಅಮೆರಿಕದ್ದು, ಪತ್ರ ಹೋಗಬೇಕು, ಬರಬೇಕು, ಯಾವಾಗ ಅಂತ ಹೇಳಲಾಗುವುದಿಲ್ಲ ಅಂದರು. ಸಾಲಿನಲ್ಲಿ ನಮ್ಮ ಹಿಂದೆ ಇನ್ನೊಬ್ಬ ತಂದೆ ನಿಂತಿದ್ದ. ಅವನ ಕೈಯಲ್ಲೂ ಹುಡುಗಿಯೊಬ್ಬಳ ಫೋಟೋ. ಮುಖ ಮುಖ ನೋಡಿಕೊಂಡೆವು. 

ಬರುವಾಗ ಲೋಕಲ್‌ನಲ್ಲಿ ಇವರು: "ಹಿಡತದಾಗ ಇಡ್ರಿ ಅಂದ ನೋಡು. ನನ್ನ ಮಗಳೇನು ದನ ಏನು?"

ಬಾಗಿಲ ಹೊರಗೆ ನೋಡುತ್ತಿದ್ದರು. ಕಣ್ಣು ಒರೆಸಿಕೊಂಡದ್ದು ಕಾಣದಂತೆ ನಾನು ಬೇರೆ ಕಡೆ ನೋಡಿದೆ.

೧೮ ಸೆಪ್ಟೆಂಬರ್, ಮಂಗಳವಾರ

ಫೋನು ಕಟ್ ಮಾಡಿಸಿದೆವು. ಗಣಪತಿ ಕೂತ ಮನೆ, ಆದರೂ ದಿನವಿಡೀ ಕರೆ. ಸಾಕಾಯಿತು. ಅದರ ಜೊತೆ ಬ್ರಾಡ್‌ಬ್ಯಾಂಡೂ ಹೋಯಿತು, ಒಂದೇ ತಂತಿ.

ಅತ್ತೆ ತಂತಿಯಿಲ್ಲದ ಫೋನನ್ನು ಒರೆಸಿ ಮೇಲೆ ವಸ್ತ್ರ ಹೊದಿಸಿಟ್ಟರು. "ಮಾನಮ್ಮಗ ಏನಂತ ಹೇಳೂದು?" ನನ್ನ ಮೊಬೈಲಿನಿಂದ ಮಾಡಿಕೊಡುತ್ತೇನೆ ಅಂದೆ.

"ಅಲ್ಲವಾ, ಹಾಕಿದಾಕಿ ನಮ್ಮ ಹುಡುಗಿ. ನಾವ ತಗೀಲಿಕ್ಕೆ ಯಾಕ ಬರೂದಿಲ್ಲ?"

ಹೇಳಲು ನೋಡಿದೆ. ಇಳಿಸಿಕೊಂಡಿದ್ದಾರೆ, ಅವರಿಂದ ಇನ್ನೊಬ್ಬರು...  ಅತ್ತೆ ಕಾಯುತ್ತ ಕುಳಿತೇ ಇದ್ದರು.

೨೮ ಸೆಪ್ಟೆಂಬರ್, ಶುಕ್ರವಾರ

ಹೋಟೆಲಿನಲ್ಲಿ ಚಿತ್ರಾಳ ಅಮ್ಮ ಉಮಾವತಿ ಸಿಕ್ಕರು. ಗಲ್ಲಾ ಪೆಟ್ಟಿಗೆ ಬಿಟ್ಟು ಎದ್ದು ಬಂದು ನನ್ನ ಕೈ ಹಿಡಿದರು.

"ಬೇಜಾರು ಮಾಡ್ಬೇಡಿ ಶೈಲಕ್ಕ. ಚಿತ್ರನ್ನ ಇನ್ನು ನಿಮ್ಮಲ್ಲಿಗೆ ಕಳಿಸುದಿಲ್ಲ. ಅವಳ ಅಪ್ಪ ಮೊಬೈಲು ಒಡೆದೇ ಹಾಕಿದ್ರು ಮಾರಾಯ್ರೆ. ಹೋಟ್ಲು ಅಂದ್ರೆ ನಾಲ್ಕು ಜನ ಬರುವ ಜಾಗ, ಅವಳ ಹೆಸರು ಎಲ್ಲಿಯಾದ್ರೂ ಬಂದ್ರೆ ನಾವು ಎಂತ ಮಾಡುದು ಹೇಳಿ?"

ತಪ್ಪೇನಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಕಾಫಿ ಕೊಟ್ಟರು, ಕುಡಿದು ಬಂದೆ.

ದೀಪಾಗೆ ಹೇಳಿದರೆ, "ಗೊತ್ತದ. ಬೆಂಚ್ ಬದಲಿ ಮಾಡ್ಯಾಳ" ಅಂದಳು. ಕ್ಲಾಸಿನ ಹುಡುಗರ ಮೊಬೈಲುಗಳಲ್ಲೆಲ್ಲ ಇದೆಯಂತೆ. ಬ್ಲೂಟೂತ್ ಅನ್ನುತ್ತಾರೆ, ತಂತಿ ಬೇಡ, ಪಕ್ಕದಲ್ಲಿ ಕೂತರೆ ಸಾಕು. ಇವಳು ಕಾರಿಡಾರಿನಲ್ಲಿ ಹೋದರೆ ಹಿಂದಿನಿಂದ ಯಾರಾದರೂ ಕೆಮ್ಮುತ್ತಾರೆ.

೪ ಅಕ್ಟೋಬರ್, ಗುರುವಾರ

 ಈಗಲೇ ಬರೆಯುತ್ತೇನೆ. ಹೇಳಲು ಮನೆಯಲ್ಲಿ ಇವರಿಲ್ಲ.

ಸಂಜೆ ಆಫೀಸಿನಿಂದ ಬಂದೆ. ಟೀಪಾಯಿಯ ಮೇಲೆ ಲೋಣಾವಳಾದ ಚಿಕ್ಕಿ ಡಬ್ಬಿ, ದೊಡ್ಡದು. ಕುಡಿದಿಟ್ಟ ಚಹಾದ ಕಪ್ಪು. ದೀಪಾ ಯೂನಿಫಾರ್ಮ್ ಕೂಡ ಬಿಚ್ಚದೆ ಕಿಟಕಿಯ ಹತ್ತಿರ ನಿಂತಿದ್ದಳು.

"ಯಾರ ಬಂದಿದ್ರು?"

ಅತ್ತೆಯೇ ಹೇಳಿದರು, ಖುಷಿಯಿಂದಲೇ. "ದೀಪಾನ ಸಾಹೇಬ್ರವಾ. ವಯಸ್ಸಾದವ್ರು, ಕನ್ನಡಕಾ. ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡಿದ್ರು ನೋಡು! ನಮ್ಮ ಭಾಷಾ ಬರೂದಿಲ್ಲ, ಮರಾಠಿ. ಆದ್ರ ನನ್ನ ಹೆಸರು ಗೊತ್ತಿತ್ತು ಅವ್ರಿಗೆ. ಬಾಗಲದಾಗ ನಿಂತು ಭೀಮವ್ವಾ ಅಂದ್ರು. ಹೆಸರ ಹಿಡದು ಕರದವ್ರನ್ನ ಹೊರಗ ನಿಂದ್ರಸೂದು ಹೆಂಗ? ಚಹಾ ಮಾಡಿದೆ. ದೀಪಾ ಬರೂ ಹೊತ್ತು ಅವ್ರಿಗೇ ಗೊತ್ತಿತ್ತು. ಕುಂತ್ರು."

ವೆಲ್‌ವಿಶರ್.

ದೀಪಾ ಬಾಗಿಲು ತೆರೆದಾಗ ಸೋಫಾದಲ್ಲಿ ಕುಳಿತಿದ್ದನಂತೆ. "ಬಾ ಬೇಟಾ" ಅಂದನಂತೆ, ಇವಳ ಮನೆಗೆ ಇವಳನ್ನೇ. ಫೋನ್ ಯಾಕೆ ಕಟ್ ಮಾಡಿದಿರಿ, ಎಷ್ಟು ಚಿಂತೆಯಾಯಿತು ನನಗೆ, ಅದಕ್ಕೇ ಬಂದೆ ಅಂದನಂತೆ. ಆಮೇಲೆ ಅಜ್ಜಿಯ ದನಿ ಒಮ್ಮೆ ತೆಗೆ, ಕೇಳಿ ಹೋಗುತ್ತೇನೆ ಅಂದ. ಇವಳು ಬಾಗಿಲ ಹತ್ತಿರವೇ ನಿಂತಳು.

"ನಾನ ಹೇಳಿದೆವಾ" ಅಂದರು ಅತ್ತೆ. "ಮಾಡಿ ತೋರ್ಸ ತಂಗಿ, ಅಷ್ಟ ದೂರದಿಂದ ಬಂದಾರ."

ಮಾಡಿದಳು.

ಅಜ್ಜಿಯ ಎದುರಿಗೇ, ಅವನ ಎದುರಿಗೆ, ಚೀಲ ಹೆಗಲಿನಲ್ಲೇ ಇತ್ತು. ಕೆಮ್ಮಿನಿಂದ ಹಿಡಿದು ನಂಬರಿನವರೆಗೂ. ಅವನು ಕಣ್ಣು ಮುಚ್ಚಿ ಕೇಳಿದನಂತೆ. ಇನ್ನೊಮ್ಮೆ ಅಂದ. ಇನ್ನೊಮ್ಮೆ ಮಾಡಿದಳು. ತಲೆಯ ಮೇಲೆ ಕೈಯಿಟ್ಟು ಮತ್ತೆ ಬರುತ್ತೇನೆ ಅಂತ ಹೇಳಿ ಹೋದ.

"ಯಾಕ ಮಾಡಿದ್ಯವಾ?" ಅಂದೆ. ಅನ್ನಬಾರದಿತ್ತು.

"ಮಾಡಿದ್ರ ಹೋಗ್ತಾನ ಅನ್ನಿಸ್ತು."

ಅಷ್ಟೇ ಅಂದಳು. ಅತ್ತೆ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಮೆಲ್ಲಗೆ ಏನೋ ತಿಳಿದಿರಬೇಕು. ಚಹಾದ ಕಪ್ಪನ್ನು ಒಯ್ದು ತೊಳೆದರು. ಮತ್ತೆ ತೊಳೆದರು. ನಲ್ಲಿಯ ಸದ್ದು ನಿಲ್ಲಲೇ ಇಲ್ಲ.

೫ ಅಕ್ಟೋಬರ್, ಶುಕ್ರವಾರ

ಚೌಕಿಗೆ ಹೋದೆ, ಒಬ್ಬಳೇ. ಅದೇ ಹವಾಲ್ದಾರ.

ಒಳಗೆ ನುಗ್ಗಿದನೇ? ಇಲ್ಲ, ಅತ್ತೆ ಕರೆದರು. ಕೈ ಮಾಡಿದನೇ? ಇಲ್ಲ. ಬೆದರಿಸಿದನೇ? ಇಲ್ಲ. ಏನು ಮಾಡಿದ ಹಾಗಾದರೆ?

ಚಹಾ ಕುಡಿದ. ಚಿಕ್ಕಿ ಕೊಟ್ಟ. ಆಶೀರ್ವಾದ ಮಾಡಿದ.

ಹವಾಲ್ದಾರನಿಗೂ ಬೇಸರವಾಯಿತು, ಕಂಡಿತು. "ನಾನೇನು ಅಂತ ಬರೆದುಕೊಳ್ಳಲಿ ತಾಯಿ?"

 ಮತ್ತೆ ಬಂದರೆ ಹೇಳಿ ಅಂದ. ಮತ್ತೆ ಬಂದರೆ.

೭ ಅಕ್ಟೋಬರ್, ಭಾನುವಾರ

ನಿನ್ನೆ ಇವರು ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಂಗಡಿಯವನನ್ನು ಕರೆಸಿ ಪೂರ್ತಿ ಅಳಿಸಿದರು. ಹುಟ್ಟುಹಬ್ಬದ ಫೋಟೋಗಳೂ ಹೋದವು.

"ಶಿರೂರಿಗೆ ಕರಕೊಂಡ ಹೋಗ್ತೀನಿ. ಅಕ್ಕನ ಮನ್ಯಾಗ ಇರ್ಲಿ. ನಾನೂ ಅಲ್ಲೇ ಇರ್ತೀನಿ."

"ಹತ್ತನೇದು ಅದರೀ. ನಡುವ ಸಾಲಿ ಬಿಡಸೂದಂದ್ರ..."

"ಅಂವ ಮತ್ತ ಬರ್ತೀನಿ ಅಂದಾನ ಶೈಲಾ. ನೀ ಪಿಂಪ್ರ್ಯಾಗ, ನಾ ಶಿರೂರಾಗ. ಇಲ್ಲಿ ಯಾರದಾರ? ನಮ್ಮವ್ವ?"

ಅತ್ತೆ ಮೂಲೆಯಲ್ಲಿ ಕುಳಿತಿದ್ದರು. "ಬಾಗಲಾ ತಗದಾಕಿ ನಾನs" ಅಂದರು. "ನನ್ನ ಕಳಸ್ರಿ ಎಲ್ಲಿಗರೆ. ಕೂಸನ್ಯಾಕ ಕಳಸ್ತೀರಿ?"

 ದೀಪಾ ಎದ್ದು ಹೋಗಿ ತನ್ನ ಬಟ್ಟೆ ಮಡಚಲು ಶುರುಮಾಡಿದಳು.

೯ ಅಕ್ಟೋಬರ್, ಮಂಗಳವಾರ

ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಹೆಸರು ಇಲ್ಲೇ ಇರುತ್ತದೆ, ಮನೆಯಲ್ಲಿ ಓದಿಕೊಳ್ಳಲಿ, ಪರೀಕ್ಷೆಗೆ ಬಂದರೆ ಸಾಕು. "ಎಲ್ಲರಿಗೂ ಒಳ್ಳೆಯದು" ಅಂದರು. ಒಪ್ಪುವರೋ ಇಲ್ಲವೋ ಅಂತ ಹೆದರಿದ್ದೆ. ಅಷ್ಟು ಬೇಗ ಒಪ್ಪಿದ್ದು ಚುಚ್ಚಿತು.

ಮಗಳು ಹೋದಳು.

೨೬ ನವೆಂಬರ್, ಸೋಮವಾರ. ಲೋಕಲ್‌ನಲ್ಲಿ

ಬಹಳ ದಿನ ಬರೆದಿರಲಿಲ್ಲ. ದೀಪಾವಳಿ ಬಂತು, ಹೋಯಿತು.

ಅವನು ಮತ್ತೊಮ್ಮೆ ಬಂದಿದ್ದ. ಕೆಳಗೆ ವಾಚ್‌ಮನ್ ಹುಸೇನಪ್ಪ ತಡೆದನಂತೆ. ಕಲಬುರ್ಗಿ ಕಡೆಯವನು, ನಾನು ಮೊದಲೇ ಹೇಳಿಟ್ಟಿದ್ದೆ. "ಮನಿ ಖಾಲಿ ಮಾಡ್ಯಾರ ಅಂತ ಹೇಳೀನ್ರಿ ಅಕ್ಕಾರ. ಎಲ್ಲಿಗ್ ಹೋದ್ರು ಅಂದ. ಮುಂಬೈ ಅಂದೆ." ಹುಸೇನಪ್ಪನಿಗೆ ನಮಸ್ಕಾರ ಮಾಡಬೇಕು ಅನ್ನಿಸಿತು. ಆದರೂ ರಸ್ತೆಯಲ್ಲಿ ಕನ್ನಡಕ ಹಾಕಿದ ವಯಸ್ಸಾದವರನ್ನು ಕಂಡಾಗಲೆಲ್ಲ ಆಚೆ ಬದಿಗೆ ದಾಟಿ ನಡೆಯುತ್ತೇನೆ. ಅವನ ಮುಖವನ್ನೇ ನಾನು ನೋಡಿಲ್ಲವಲ್ಲ. ಯಾರು ಬೇಕಾದರೂ ಆಗಿರಬಹುದು.

ಅತ್ತೆ ಈಗ ಬೆಲ್ ಆದರೆ ಎದ್ದೇಳುವುದಿಲ್ಲ. ನಾನು ಹೊರಗಿನಿಂದ ಕೂಗಿದರೂ, "ನಿಜವಾಗಿ ಶೈಲಾನೇನು? ಮತ್ತ ಯಾರರೆ ದನಿ ತಗದಿರೇನು?" ಅಂತ ಕೇಳುತ್ತಾರೆ.

ಸೈಟಿನವರು ಆ ವಿಡಿಯೋ ತೆಗೆದರು! ಹೋದ ವಾರ. ದಿಗಂಬರ ಪೇಢೆ ತಂದರು. ಇವತ್ತು ಮತ್ತೆರಡು ಸಿಕ್ಕಿವೆ. ನನಗೆ ತೋರಿಸಲೋ ಬೇಡವೋ ಅಂತ ಬೆಳಗ್ಗೆಯಿಂದ ನನ್ನ ಟೇಬಲ್ಲಿನ ಹತ್ತಿರ ಬಂದು ಹೋಗುತ್ತಿದ್ದರು, ಪಾಪ.

೧೫ ಜನವರಿ ೨೦೦೮, ಮಂಗಳವಾರ. ಶಿರೂರು

ಸಂಕ್ರಾಂತಿಗೆ ಬಂದಿದ್ದೇನೆ. ದೀಪಾ ಎತ್ತರವಾಗಿದ್ದಾಳೆ. ಎರಡು ಜಡೆ ಹೋಗಿ ಒಂದಾಗಿದೆ.

ಶಿವಗಂಗವ್ವ ಎಳ್ಳು ಹುರಿಯುತ್ತ ನನಗೆ ಹೇಳಿದರು: "ಭಾಳ ಶಾಣೇ ಹುಡುಗಿ ನೋಡ ಶೈಲಾ. ಮನ್ಯಾಗ ಅದಾಳೋ ಇಲ್ಲೋ ಗೊತ್ತಾಗೂದಿಲ್ಲ. ದನೀನ ಇಲ್ಲ."

ಹೊಗಳಿಕೆ ಅದು. ಮನಸ್ಸಿನಿಂದಲೇ ಹೇಳಿದ್ದು.

ಮಧ್ಯಾಹ್ನ ಟೆರೇಸಿನ ಮೇಲೆ ಇಬ್ಬರೇ ಕುಳಿತೆವು. ಓದು ಹೇಗಿದೆ? ಛಲೋ ಅದ. ಅತ್ತೀ ಮನ್ಯಾಗ ಬೇಜಾರಾಗ್ತದೇನು? ಇಲ್ಲ. ಎಲ್ಲದಕ್ಕೂ ಒಂದೇ ದನಿ, ಸಪಾಟು. ಕೆಳಗೆ ಬೀದಿಯಲ್ಲಿ ಬಳೆ ಮಾರುವವಳು ವಿಚಿತ್ರವಾಗಿ ರಾಗ ಎಳೆದು ಕೂಗುತ್ತ ಹೋದಳು. ಹಿಂದಾಗಿದ್ದರೆ ಇವಳು ಆ ತಿರುವು ಮುಗಿಯುವುದರೊಳಗೆ ಹಿಡಿದುಬಿಡುತ್ತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ. ಕಾದೆ.

"ಏನ ಮಮ್ಮಿ?" ಅಂದಳು.

"ಏನಿಲ್ಲ" ಅಂದೆ.

೧೧ ಫೆಬ್ರವರಿ, ಸೋಮವಾರ

ಆಫೀಸಿಗೆ ಹೋಗಲಿಲ್ಲ. ಶಿವಾಜಿನಗರ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಬೆಳಗ್ಗೆ ಲೋಕಲ್‌ನಲ್ಲಿ ಎದುರಿಗೆ ಇಬ್ಬರು ಕಾಲೇಜು ಹುಡುಗಿಯರು. ತಳೇಗಾವದ ಕಡೆಯವರಿರಬೇಕು. ಒಬ್ಬಳ ಕೈಯಲ್ಲಿ ಮೊಬೈಲು, ಇಬ್ಬರೂ ತಲೆ ತಲೆ ಸೇರಿಸಿ ನಗುತ್ತಿದ್ದರು. ಆಕುರ್ಡಿ ದಾಟಿತು. ಗಾಡಿ ನಿಂತಾಗ ಸದ್ದು ಕೇಳಿತು. ಕೆಮ್ಮು. "ಹಲೋ, ಕೋಣ್?"

ಎದ್ದು ಹೋಗಬೇಕು ಅಂದುಕೊಂಡೆ. ಆ ಮೊಬೈಲನ್ನೇ ನೋಡುತ್ತ ಕುಳಿತೆ. ನಾನು ನೋಡುತ್ತಿರುವುದನ್ನು ಕಂಡು ಆ ಹುಡುಗಿ, ಒಳ್ಳೆಯ ಹುಡುಗಿ, ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. "ಕಾಕೂ, ಹೇ ಬಘಾ ನಾ, ಕಸಲೀ ಭಾರಿ ಆಹೇ!" ಇವಳನ್ನು ನೋಡಿ, ಎಷ್ಟು ಮಜಾ ಇದ್ದಾಳೆ ಅಂತ.

ಹೆಬ್ಬೆರಳಿನಷ್ಟು ಪರದೆ. ಅದರಲ್ಲಿ ನನ್ನ ದೀಪಾ. ಟವೆಲ್ ಜಾರುತ್ತದೆ, ಮೇಲಕ್ಕೆಳೆದುಕೊಳ್ಳುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ಅಡಿಗೆಮನೆಯ ಕಡೆ ತಿರುಗಿ ನನ್ನನ್ನು ಬೈಯುತ್ತಾಳೆ. ಹಿಂದೆ ಆ ಹಾಳು ಹಾಡು. ಅದರ ಕೆಳಗೆ, ತುಂಬ ಕೆಳಗೆ, ಯಾರೋ ಹೆಂಗಸು ನಗುವುದು ಕೇಳುತ್ತದೆ. ಅದು ನಾನು.

ಇಷ್ಟು ತಿಂಗಳು ಇದನ್ನು ಈ ಲೋಕದಿಂದ ಅಳಿಸಲು ಎಲ್ಲರ ಕಾಲು ಹಿಡಿದೆ. ಮನೆಯಲ್ಲಿ ಒಂದು ಚೂರೂ ಉಳಿಯದಂತೆ ಅಳಿಸಿಯಾಯಿತು. ನನ್ನ ಮಗಳು ಹೀಗೆ ಮಾತಾಡುವುದು ಇನ್ನೆಲ್ಲೂ ಇಲ್ಲ. ಶಿರೂರಿನಲ್ಲೂ ಇಲ್ಲ.

ಮುಗಿಯಿತು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಪುನ್ಹಾ ಲಾವ್ ನಾ ಗ" ಅಂದೆ. ಇನ್ನೊಮ್ಮೆ ಹಚ್ಚು ಅಂದೆ. ನಾನೇ ಅಂದೆ.

ಹಚ್ಚಿದಳು. ಪಿಂಪ್ರಿ ಬಂತು, ಹೋಯಿತು. ಕಾಸಾರವಾಡಿ ಹೋಯಿತು. ಇನ್ನೊಮ್ಮೆ ಅಂದೆ. ಆ ಹುಡುಗಿಗೆ ಖುಷಿಯಾಗಿ ಮೊಬೈಲನ್ನೇ ನನ್ನ ಕೈಗೆ ಕೊಟ್ಟಳು, ನೋಡಿ ಕಾಕೂ, ಆರಾಮಾಗಿ ನೋಡಿ ಅಂತ. ಅಳಿಸುವುದು ಹೇಗೆ ಅಂತ ಈಗ ನನಗೆ ಗೊತ್ತಿದೆ. ಮೊಬೈಲು ನನ್ನ ಕೈಯಲ್ಲೇ ಇತ್ತು, ಬೆರಳು ಗುಂಡಿಯ ಮೇಲೇ ಇತ್ತು, ದೀಪಾ ನಗುತ್ತಿದ್ದಳು, ನಾನು ಅಳಿಸಲಿಲ್ಲ, ಇನ್ನೊಮ್ಮೆ ಹಚ್ಚಿದೆ.